ಹಳೆಯ ಸ್ಟೀಲ್ ಸೈಕಲ್ ಫ್ರೇಮಿಗೆ ತುಕ್ಕಿನ ಚುಕ್ಕೆ: ಎಷ್ಟು ಕೆರೆಯಬೇಕು, ಹೇಗೆ ಮುಚ್ಚಬೇಕು

ಪ್ರಶ್ನೆ: ನನ್ನ ಬಳಿ ಸುಮಾರು ಮೂವತ್ತು ವರ್ಷ ಹಳೆಯ ಸ್ಟೀಲ್ ಸೈಕಲ್ ಇದೆ. ಮೂಲ ಬಣ್ಣ, ಸ್ಟಿಕರ್ ಎಲ್ಲ ಬಹುಪಾಲು ಚೆನ್ನಾಗಿವೆ. ಆದರೆ ಮೇಲಿನ ಪೈಪಿನ ಮೇಲೆ ಸಾಸಿವೆ ಕಾಳಿನಿಂದ ಬಟಾಣಿ ಗಾತ್ರದವರೆಗಿನ ಹತ್ತು ಹದಿನೈದು ಕಂದು ಚುಕ್ಕೆಗಳು ಎದ್ದಿವೆ. ಪೆಡಲ್ಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ಟಿನ ಅಡಿಯಲ್ಲಿ ಬಣ್ಣ ಗುಳ್ಳೆ ಬಂದಿದೆ. ಕ್ರೋಮ್ ಇರುವ ಫೋರ್ಕಿನ ತುದಿಯಲ್ಲೂ ಚುಕ್ಕೆಗಳಿವೆ. ಪೂರ್ತಿ ಬಣ್ಣ ತೆಗೆಸುವ ಮನಸ್ಸಿಲ್ಲ. ಸ್ಟೀಲ್ ವೂಲ್‌ನಲ್ಲಿ ಉಜ್ಜಿ ಸ್ಪ್ರೇ ಪೇಂಟ್ ಹೊಡೆದರೆ ಸಾಕು ಎನ್ನುತ್ತಾರೆ. ಅದು ಸರಿಯೇ?

ಉತ್ತರ: ಪೂರ್ತಿ ಬಣ್ಣ ತೆಗೆಸದಿರುವ ನಿಮ್ಮ ನಿರ್ಧಾರ ಸರಿಯಾಗಿದೆ. ಮೂಲ ಬಣ್ಣ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ, ಹದಿನೈದು ಚುಕ್ಕೆಗೆ ಅಷ್ಟು ದೊಡ್ಡ ಬೆಲೆ ತೆರಬೇಕಾಗಿಯೂ ಇಲ್ಲ. ಆದರೆ ಸ್ಟೀಲ್ ವೂಲ್ ಮತ್ತು ಸ್ಪ್ರೇ ಸಲಹೆಯನ್ನು ಬಿಟ್ಟುಬಿಡಿ. ಸ್ಟೀಲ್ ವೂಲ್‌ನ ಸಣ್ಣ ಎಳೆಗಳು ಮುರಿದು ಬಣ್ಣದ ಗೀರುಗಳಲ್ಲಿ, ಪೈಪುಗಳು ಕೂಡುವ ಕಡೆಯ ಲೋಹದ ಕವಚವಾದ ಲಗ್ಗಿನ ಅಂಚಿನಲ್ಲಿ ಸಿಕ್ಕಿಕೊಳ್ಳುತ್ತವೆ. ಅವೂ ಕಬ್ಬಿಣವೇ ಆದ್ದರಿಂದ ಕೆಲವೇ ದಿನಗಳಲ್ಲಿ ತಾವೇ ತುಕ್ಕು ಹಿಡಿದು, ಮೊದಲು ಇಲ್ಲದ ಕಡೆ ಹೊಸ ಕಂದು ಚುಕ್ಕೆ ತೋರಿಸುತ್ತವೆ. ಜೊತೆಗೆ ಚುಕ್ಕೆಯ ಸುತ್ತಲಿನ ಒಳ್ಳೆಯ ಬಣ್ಣದ ಹೊಳಪೂ ಹೋಗುತ್ತದೆ. ಸ್ಪ್ರೇ ಡಬ್ಬಿಯಿಂದ ಸಾಸಿವೆ ಗಾತ್ರದ ಜಾಗ ಮುಚ್ಚಲು ಹೋದರೆ ಅಂಗೈ ಅಗಲ ಬಣ್ಣ ಹರಡುತ್ತದೆ. ಈ ಕೆಲಸಕ್ಕೆ ಬೇಕಾದದ್ದು ಸಣ್ಣ ಕುಂಚ, ಮೊನಚಾದ ಉಪಕರಣ ಮತ್ತು ಸಮಯ.

ಕಣ್ಣಿಗೆ ಕಾಣುವ ಚುಕ್ಕೆಗಿಂತ ಬಣ್ಣದ ಅಡಿಯ ತುಕ್ಕು ದೊಡ್ಡದಿರುತ್ತದೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ. ಆ ಒತ್ತಡಕ್ಕೆ ಅಂಚಿನ ಬಣ್ಣ ಮೇಲೆದ್ದು, ಅದರಡಿ ತೇವ ನುಗ್ಗಿ, ತುಕ್ಕು ಇನ್ನಷ್ಟು ಒಳಗೆ ಹರಿಯುತ್ತದೆ. ಮಧ್ಯದ ಕಂದು ಪುಡಿಯನ್ನಷ್ಟೇ ತೆಗೆದು ಬಣ್ಣ ಹಚ್ಚಿದರೆ ಅಂಚಿನ ಅಡಿಯ ತುಕ್ಕು ಹಾಗೇ ಉಳಿದು, ಮುಂದಿನ ಮಳೆಗಾಲದಲ್ಲಿ ಹೊಸ ಬಣ್ಣದ ಸುತ್ತ ಉಂಗುರದಂತೆ ಏಳುತ್ತದೆ. ಹೀಗಾಗಿ ಗಟ್ಟಿ ಬಣ್ಣ ಸಿಗುವವರೆಗೆ ಅಂಚನ್ನು ಹಿಂಬಾಲಿಸಬೇಕು. ಸಿಕ್ಕಿದ ಮೇಲೆ ಒಂದು ಮಿಲಿಮೀಟರ್ ಕೂಡ ಮುಂದೆ ಹೋಗಬೇಕಿಲ್ಲ.

ಕೆರೆಯುವ ಮೊದಲು ಫ್ರೇಮ್ ಎಷ್ಟು ಗಟ್ಟಿಯಾಗಿದೆ ಎಂದು ನೋಡಿ. ಸಾಧಾರಣ ಸ್ಟೀಲ್ ಸೈಕಲ್ಲಿನ ಪೈಪ್ ಗೋಡೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ದಪ್ಪವಿರುತ್ತದೆ. ಹಗುರ ರೇಸಿಂಗ್ ಫ್ರೇಮುಗಳಲ್ಲಿ ತುದಿಗಳು 0.8 ರಿಂದ 0.9 ಮಿ.ಮೀ. ಇದ್ದು ನಡುಭಾಗ 0.5 ಅಥವಾ 0.6 ಮಿ.ಮೀ. ಮಾತ್ರ ಇರುತ್ತದೆ. ದಪ್ಪ ಪೈಪಿನಲ್ಲಿ 0.2 ಮಿ.ಮೀ. ಆಳದ ಗುಳಿ ಅಷ್ಟು ದೊಡ್ಡದಲ್ಲ, ತೆಳು ಪೈಪಿನ ನಡುವೆ ಅದೇ ಗುಳಿ ಮೂರನೇ ಒಂದು ಭಾಗ ಗೋಡೆಯನ್ನು ತಿಂದಿರುತ್ತದೆ. ಮೇಲಿನ ಪೈಪಿನ ಚುಕ್ಕೆಗಳು ಬಹುಮಟ್ಟಿಗೆ ಹೊರಗಿನವೇ: ಕಲ್ಲು ತಗುಲಿ ಬಣ್ಣ ಸಿಡಿದದ್ದು, ಕೇಬಲ್ ಉಜ್ಜಿದ್ದು, ಬೆವರು ತೊಟ್ಟಿಕ್ಕಿದ್ದು. ಬೆವರಿನ ಉಪ್ಪು ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ತುಕ್ಕು ಅಲ್ಲಿ ಬೇಗ ಬೆಳೆಯುತ್ತದೆ. ಎಚ್ಚರ ಬೇಕಾಗಿರುವುದು ನೀವು ಹೇಳಿದ ಬಾಟಮ್ ಬ್ರಾಕೆಟ್ಟಿನ ಗುಳ್ಳೆಗೆ. ಫ್ರೇಮಿನ ಒಳಗೆ ಇಳಿದ ನೀರೆಲ್ಲ ಕೊನೆಗೆ ಸೇರುವುದು ಅಲ್ಲಿಗೇ. ಅಲ್ಲಿ ತುಕ್ಕು ಒಳಗಿನಿಂದ ಹೊರಗೆ ಬಂದಿದ್ದರೆ ಹೊರಗಿನ ಯಾವ ಬಣ್ಣವೂ ಅದನ್ನು ತಡೆಯಲಾರದು.

ಪರೀಕ್ಷೆ ಸರಳ. ಗುಳ್ಳೆಯ ಬಣ್ಣ ಎಬ್ಬಿಸಿ, ಅಡಿಯ ಲೋಹವನ್ನು ದಬ್ಬಳದ ಮೊನೆಯಿಂದ ಗಟ್ಟಿಯಾಗಿ ಒತ್ತಿ. ಗಟ್ಟಿ ಸ್ಟೀಲ್‌ನಲ್ಲಿ ಮೊನೆ ಜಾರುತ್ತದೆ, ಕೊಳೆತ ಸ್ಟೀಲ್‌ನಲ್ಲಿ ನಾಟುತ್ತದೆ ಅಥವಾ ಚಕ್ಕೆ ಕಳಚುತ್ತದೆ. ಸುತ್ತ ನಾಣ್ಯದಿಂದ ತಟ್ಟುತ್ತ ಬಂದರೆ ಒಳ್ಳೆಯ ಕಡೆ ಗಣಗಣ ಎನ್ನುವ ಸದ್ದು ಕೆಟ್ಟ ಕಡೆ ಮಂದವಾಗುತ್ತದೆ. ಸೀಟ್ ಪೋಸ್ಟ್ ಹೊರತೆಗೆದು, ಸಾಧ್ಯವಾದರೆ ಬಾಟಮ್ ಬ್ರಾಕೆಟ್ಟನ್ನೂ ಬಿಚ್ಚಿ ಒಳಗೆ ಟಾರ್ಚ್ ಹಾಕಿ ನೋಡಿ. ಒಳಗೆ ತೆಳುವಾದ ಕಂದು ಪೊರೆ ಇದ್ದರೆ ಹೆದರಬೇಡಿ, ಹಳೆಯ ಫ್ರೇಮುಗಳಲ್ಲಿ ಅದು ಸಹಜ. ಪದರ ಪದರವಾಗಿ ಚಕ್ಕೆ ಉದುರಿದರೆ, ಮೊನೆ ನಾಟಿದರೆ, ಅಥವಾ ಬೆಸುಗೆ ಮತ್ತು ಲಗ್ಗಿನ ಅಂಚಿನಲ್ಲಿ ಕೂದಲೆಳೆಯಂಥ ಕಂದು ಗೆರೆ ಕಂಡರೆ ಅಲ್ಲಿಗೇ ನಿಲ್ಲಿಸಿ. ಆ ಗೆರೆ ಬಿರುಕಿರಬಹುದು. ಫ್ರೇಮ್ ಕಟ್ಟುವವರಿಗೆ ಅಥವಾ ಬೆಸುಗೆ ಬಲ್ಲವರಿಗೆ ತೋರಿಸುವವರೆಗೆ ಆ ಸೈಕಲ್ ಹತ್ತಬೇಡಿ.

ಫ್ರೇಮ್ ಗಟ್ಟಿಯಾಗಿದೆ ಎಂದಾದ ಮೇಲೆ ಮೊದಲ ಕೆಲಸ ತೊಳೆಯುವುದು. ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ದ್ರವ ಹಾಕಿ ಮೆತ್ತನೆ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ಆಮೇಲೆ ಚುಕ್ಕೆಗಳ ಸುತ್ತ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಎಣ್ಣೆ ಮತ್ತು ವ್ಯಾಕ್ಸ್ ತೆಗೆಯಿರಿ. ಬಟ್ಟೆಯನ್ನು ಒಂದೇ ದಿಕ್ಕಿಗೆ ಎಳೆಯಿರಿ, ಪ್ರತಿ ಸಲ ಹೊಸ ಮಡಿಕೆ ಬಳಸಿ. ಹಿಂದೆಮುಂದೆ ಉಜ್ಜಿದರೆ ಎಣ್ಣೆ ಹರಡುತ್ತದೆ ಅಷ್ಟೇ. ಇದನ್ನು ಕೆರೆಯುವ ಮೊದಲೇ ಮಾಡಬೇಕು, ಇಲ್ಲದಿದ್ದರೆ ಎಮರಿ ಪೇಪರ್ ವ್ಯಾಕ್ಸನ್ನು ಬರಿ ಲೋಹದೊಳಗೆ ಉಜ್ಜಿ ಕೂರಿಸುತ್ತದೆ. ಯಾವ ದ್ರಾವಕವನ್ನಾದರೂ ಮೊದಲು ಬಾಟಮ್ ಬ್ರಾಕೆಟ್ಟಿನ ಅಡಿಯಂಥ ಕಾಣದ ಜಾಗದಲ್ಲಿ ಹಚ್ಚಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಅದನ್ನು ಬಳಸಬೇಡಿ. ಅಸಿಟೋನ್ ಮತ್ತು ಲ್ಯಾಕರ್ ಥಿನ್ನರ್ ಸ್ಟಿಕರಿನ ಹತ್ತಿರವೂ ಬರಬಾರದು.

ಇನ್ನೊಂದು ಎಚ್ಚರಿಕೆ. ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಇದೆ. ಬಣ್ಣವನ್ನು ಒಣದಾಗಿ ಉಜ್ಜಿ ದೂಳೆಬ್ಬಿಸಬೇಡಿ. ಸ್ವಲ್ಪ ಒದ್ದೆ ಮಾಡಿ ಉಜ್ಜಿ, ಎನ್95 ಮಾಸ್ಕ್ ಮತ್ತು ಗ್ಲೌಸ್ ಹಾಕಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಕಸವನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಮಕ್ಕಳು ಹತ್ತಿರ ಇರಬಾರದು.

ಈಗ ಒಂದೇ ಒಂದು ಚುಕ್ಕೆಯನ್ನು ತೆಗೆದುಕೊಳ್ಳಿ. ಅದರ ಸುತ್ತ, ಎರಡು ಮೂರು ಮಿಲಿಮೀಟರ್ ಬಿಟ್ಟು, ಮಾಸ್ಕಿಂಗ್ ಟೇಪ್ ಅಂಟಿಸಿ. ಒಳಗಿನ ಬಣ್ಣದ ಅಂಚನ್ನು ಬಿದಿರಿನ ಟೂತ್‌ಪಿಕ್ಕಿನಿಂದ ಒಳಗಿನಿಂದ ಹೊರಗೆ ತಳ್ಳುತ್ತ ಬನ್ನಿ. ಟೂತ್‌ಪಿಕ್ ಮೆತ್ತಗಿರುವುದರಿಂದ ಬಿಟ್ಟುಕೊಂಡ ಬಣ್ಣವನ್ನಷ್ಟೇ ಎಬ್ಬಿಸುತ್ತದೆ, ಹಿಡಿದುಕೊಂಡ ಬಣ್ಣಕ್ಕೆ ಬಂದಾಗ ಅದರ ತುದಿಯೇ ಚಪ್ಪಟೆಯಾಗುತ್ತದೆ. ಕಳಚಿದ ಚಕ್ಕೆಗಳನ್ನು ತಿರುಗಿಸಿ ನೋಡಿ: ಹಿಂಬದಿ ಕಂದಾಗಿದ್ದರೆ ಅದರಡಿ ತುಕ್ಕು ಹೋಗಿತ್ತು ಎಂದರ್ಥ, ಮುಂದುವರಿಯಿರಿ. ಕೊನೆಗೆ ಅಂಟು ಟೇಪಿನ ತುಂಡೊಂದನ್ನು ಅಂಚಿನ ಮೇಲೆ ಒತ್ತಿ ಚಕ್ಕನೆ ಕಿತ್ತು, ಏನೂ ಅಂಟಿಕೊಂಡು ಬರದಿದ್ದರೆ ಗಟ್ಟಿ ಬಣ್ಣ ತಲುಪಿದಿರಿ. ಸ್ಟಿಕರಿನ ಪಕ್ಕ ಮಾತ್ರ ಈ ಟೇಪ್ ಪರೀಕ್ಷೆ ಬೇಡ.

ಮೂರು ನಾಲ್ಕು ಮಿಲಿಮೀಟರ್ ಒಳಗಿನ ಚುಕ್ಕೆಗೆ ಫೈಬರ್ ಗ್ಲಾಸ್ ಪೆನ್ನಿಗಿಂತ ಒಳ್ಳೆಯ ಉಪಕರಣವಿಲ್ಲ. ಪೆನ್ಸಿಲ್ಲಿನಂತೆ ಹಿಡಿದು ತುಕ್ಕಿನ ಮೇಲಷ್ಟೇ ಸುತ್ತಿಸಬಹುದು, ಗುಳಿಯ ತಳಕ್ಕೂ ಇಳಿಯುತ್ತದೆ. ಅದರ ಗಾಜಿನ ಎಳೆಗಳು ಮುರಿದು ಚರ್ಮಕ್ಕೆ ಚುಚ್ಚುತ್ತವೆ, ಆದ್ದರಿಂದ ಗ್ಲೌಸ್ ಮತ್ತು ಕನ್ನಡಕ ಬೇಕೇ ಬೇಕು. ಪುಡಿಯನ್ನು ಊದದೆ ಟೇಪಿನಿಂದ ಎತ್ತಿ ತೆಗೆಯಿರಿ. ಬಟಾಣಿ ಗಾತ್ರದ ಚುಕ್ಕೆಗೆ 240 ನಂಬರಿನ ವಾಟರ್ ಪೇಪರನ್ನು ಉಗುರಿನಷ್ಟು ಕತ್ತರಿಸಿ, ಪೆನ್ಸಿಲ್ ಹಿಂಬದಿಯ ರಬ್ಬರಿಗೆ ಅಂಟಿಸಿ ಬಳಸಿ. ಬೆರಳಿನಿಂದ ನೇರವಾಗಿ ಉಜ್ಜಿದರೆ ಬೇಕಾದದ್ದಕ್ಕಿಂತ ನಾಲ್ಕು ಪಟ್ಟು ಜಾಗ ಕೆಡುತ್ತದೆ. ಲಗ್ಗಿನ ಮೂಲೆಗಳಿಗೆ ಹಿತ್ತಾಳೆ ಎಳೆಯ ಸಣ್ಣ ಬ್ರಷ್ ಸಾಕು. ಡ್ರಿಲ್ಲಿಗೆ ಹಾಕುವ ತಂತಿ ಚಕ್ರ ಮಾತ್ರ ಬೇಡ. ಅದು ತುಕ್ಕನ್ನು ತೆಗೆಯುವ ಬದಲು ಗುಳಿಯೊಳಗೆ ಸವರಿ ಹೊಳಪು ಕೊಡುತ್ತದೆ, ನೋಡಿದವರಿಗೆ ಸ್ವಚ್ಛವಾದಂತೆ ಕಾಣುತ್ತದೆ.

ಉಜ್ಜುವಾಗ ಬಣ್ಣ ಬದಲಾಗುವುದನ್ನು ಗಮನಿಸಿ. ಮೊದಲು ಕಿತ್ತಳೆ ಪುಡಿ, ಆಮೇಲೆ ಗಾಢ ಕಂದು, ಆಮೇಲೆ ಬೂದು ಲೋಹ, ಆ ಬೂದಿನ ನಡುವೆ ಅಲ್ಲಲ್ಲಿ ಸೂಜಿ ಮೊನೆಯಷ್ಟು ಕಪ್ಪು ಚುಕ್ಕಿಗಳು. ಹೆಚ್ಚಿನವರು ಬೂದು ಕಂಡೊಡನೆ ನಿಲ್ಲಿಸುತ್ತಾರೆ. ಆ ಕಪ್ಪು ಚುಕ್ಕಿಗಳೇ ಗುಳಿಯ ತಳದಲ್ಲಿ ಕುಳಿತ ತುಕ್ಕು, ಮತ್ತೆ ಶುರುವಾಗುವುದು ಅಲ್ಲಿಂದಲೇ. ಭೂತಗನ್ನಡಿ ಇಟ್ಟು ನೋಡಿದರೆ ಸ್ಪಷ್ಟ ಕಾಣುತ್ತವೆ. ಅವನ್ನು ಪೂರ್ತಿ ತೆಗೆಯುವವರೆಗೆ ಉಜ್ಜುತ್ತ ಹೋದರೆ ಸುತ್ತಲಿನ ಒಳ್ಳೆಯ ಸ್ಟೀಲ್ ಸವೆಯುತ್ತದೆ, ತೆಳು ಪೈಪಿನಲ್ಲಿ ಅದು ತಪ್ಪು. ರಾಸಾಯನಿಕದ ಅಗತ್ಯ ಇಲ್ಲಿ ಬರುತ್ತದೆ.

ಆಯ್ಕೆ ಎರಡು: ತುಕ್ಕನ್ನು ಕರಗಿಸುವುದು ಅಥವಾ ಪರಿವರ್ತಿಸುವುದು. ಕರಗಿಸಲು ಸಿಟ್ರಿಕ್ ಆಮ್ಲ ಒಳ್ಳೆಯದು. 100 ಮಿ.ಲೀ. ಬೆಚ್ಚಗಿನ ನೀರಿಗೆ 5 ಗ್ರಾಂ ಸಾಕು. ಹತ್ತಿಯ ಸಣ್ಣ ಉಂಡೆಯನ್ನು ಅದ್ದಿ, ಹಿಂಡಿ, ಚುಕ್ಕೆಯ ಮೇಲಿಟ್ಟು, ಒಣಗದಂತೆ ಮೇಲೆ ಪ್ಲಾಸ್ಟಿಕ್ ತುಂಡು ಅಂಟಿಸಿ. ಅರ್ಧ ಗಂಟೆಗೊಮ್ಮೆ ಎತ್ತಿ ನೋಡಿ, ಬ್ರಷ್ಷಿನಿಂದ ಉಜ್ಜಿ, ಬೇಕಿದ್ದರೆ ಹೊಸ ಹತ್ತಿ ಇಡಿ. ಬಿಳಿ ವಿನೆಗರ್ ಕೂಡ ಇದೇ ಕೆಲಸ ಮಾಡುತ್ತದೆ, ನಿಧಾನ. ತಂಪು ಪಾನೀಯ ಸುರಿಯುವ ಸಲಹೆಯೂ ಸಿಗುತ್ತದೆ. ಅದರಲ್ಲಿ ಫಾಸ್ಫರಿಕ್ ಆಮ್ಲ ಇರುವುದು ನಿಜ, ಆದರೆ ತೀರ ಅಲ್ಪ, ಜೊತೆಗೆ ಸಕ್ಕರೆಯ ಅಂಟು. ಆಕ್ಸಾಲಿಕ್ ಆಮ್ಲ ಇವೆಲ್ಲಕ್ಕಿಂತ ಚುರುಕು, ಬಣ್ಣವನ್ನೂ ಬಹುಮಟ್ಟಿಗೆ ಬಿಡುತ್ತದೆ, ಆದರೆ ವಿಷ. ಪುಡಿಯನ್ನು ಉಸಿರಾಡಬಾರದು, ಬರಿಗೈಯಲ್ಲಿ ಮುಟ್ಟಬಾರದು. ತೊಳೆಯುವುದರಲ್ಲಿ ತಪ್ಪಿದರೆ ಹಳದಿ ಪೊರೆಯೂ ಉಳಿಯುತ್ತದೆ. ಹದಿನೈದು ಚುಕ್ಕೆಗೆ ಅದರ ಅಗತ್ಯವಿಲ್ಲ. ಟಾಯ್ಲೆಟ್ ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲವನ್ನಂತೂ ಫ್ರೇಮಿನ ಹತ್ತಿರ ತರಲೇಬೇಡಿ. ಅದರ ಹೊಗೆಗೇ ಪಕ್ಕದ ಸ್ಪ್ಯಾನರುಗಳು ತುಕ್ಕು ಹಿಡಿಯುತ್ತವೆ, ಲಗ್ಗಿನ ಸಂದಿಗೆ ಇಳಿದ ಕ್ಲೋರೈಡ್ ತೊಳೆದರೂ ಪೂರ್ತಿ ಹೊರಬರುವುದಿಲ್ಲ. ಯಾವ ಆಮ್ಲವನ್ನೂ ಬ್ಲೀಚಿನೊಂದಿಗೆ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

ಆಮ್ಲ ಬಳಸಿದ ಮೇಲೆ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕದಡಿ, ಹತ್ತಿಯಲ್ಲಿ ಅದ್ದಿ ಜಾಗವನ್ನು ಒರೆಸಿ. ಆಮೇಲೆ ಬರಿ ನೀರಿನ ಹತ್ತಿ. ತಕ್ಷಣ ಒಣಬಟ್ಟೆ, ಅದರ ಹಿಂದೆಯೇ ಹೇರ್ ಡ್ರೈಯರ್. ಇಲ್ಲಿ ತಡ ಮಾಡುವಂತಿಲ್ಲ. ಆಮ್ಲದಿಂದ ಹೊರಬಂದ ಬರಿ ಸ್ಟೀಲ್ ಒದ್ದೆಯಿದ್ದರೆ ಕೆಲವೇ ನಿಮಿಷಗಳಲ್ಲಿ ತೆಳು ಕಿತ್ತಳೆ ಮಬ್ಬು ಏರುತ್ತದೆ. ಹಾಗಾದರೆ ಗಾಬರಿ ಬೇಡ, ಒಣ ಫೈಬರ್ ಪೆನ್ ಆಡಿಸಿ ಮತ್ತೆ ಆಲ್ಕೋಹಾಲಿನಿಂದ ಒರೆಸಿ.

ಪರಿವರ್ತಕ ಎಂದು ಮಾರುವ ದ್ರವಗಳಲ್ಲಿ ಫಾಸ್ಫರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ ಇರುತ್ತದೆ, ಕೆಲವದರಲ್ಲಿ ಎರಡೂ. ಇವು ಉಳಿದ ತುಕ್ಕನ್ನು ಕಪ್ಪಾದ, ಗಟ್ಟಿಯಾದ ಕಬ್ಬಿಣದ ಫಾಸ್ಫೇಟ್ ಅಥವಾ ಟ್ಯಾನೇಟ್ ಆಗಿ ಮಾಡುತ್ತವೆ. ಗುಳಿಯ ತಳದ ಕಪ್ಪು ಚುಕ್ಕಿಗೆ, ಲಗ್ಗಿನ ಸಂದಿಗೆ, ಬಾಟಮ್ ಬ್ರಾಕೆಟ್ಟಿನ ಒರಟು ಜಾಗಕ್ಕೆ ಇದು ಸರಿಯಾದ ಮದ್ದು. ಸಡಿಲ ಪುಡಿಯ ಮೇಲೆ ಹಚ್ಚಿದರೆ ಮೇಲ್ಪದರವಷ್ಟೇ ಬದಲಾಗಿ ಅಡಿಯದು ಹಾಗೇ ಉಳಿಯುತ್ತದೆ, ಹೊಳೆಯುವ ಬರಿ ಸ್ಟೀಲಿಗೆ ಹಚ್ಚಿದರೆ ಟ್ಯಾನಿಕ್ ದ್ರವಕ್ಕೆ ಅಲ್ಲಿ ಕೆಲಸವೇ ಇಲ್ಲ. ಡಬ್ಬಿಯಿಂದ ಸ್ವಲ್ಪ ಮುಚ್ಚಳಕ್ಕೆ ಸುರಿದುಕೊಂಡು ಸಣ್ಣ ಕುಂಚದಿಂದ ಒಂದು ಹನಿ ಇಡಿ. ಬಳಸಿದ ಕುಂಚವನ್ನು ಡಬ್ಬಿಗೆ ಅದ್ದಿದರೆ ಇಡೀ ಡಬ್ಬಿ ಹಾಳು. ಬಣ್ಣದ ಮೇಲೆ ಹರಿದದ್ದನ್ನು ಕೂಡಲೇ ಒರೆಸಿ, ಒಣಗಿದರೆ ಕಲೆ ಉಳಿಯುತ್ತದೆ. ಕಪ್ಪಾದ ಮೇಲೆ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಒಂದು ದಿನ, ಬಿಡಿ. ಫಾಸ್ಫರಿಕ್ ಬಗೆಯಲ್ಲಿ ಅಂಟು ಅಂಟಾದ ಉಳಿಕೆ ಇದ್ದರೆ ತೊಳೆದು ಒಣಗಿಸಲೇಬೇಕು. ಉಳಿದ ಆಮ್ಲದ ಮೇಲೆ, ಬಣ್ಣಕ್ಕೆ ಮೊದಲು ಹಚ್ಚುವ ಎಪಾಕ್ಸಿ ಪ್ರೈಮರ್ ಸರಿಯಾಗಿ ಗಟ್ಟಿಯಾಗುವುದಿಲ್ಲ.

ಬಣ್ಣ ಹಚ್ಚುವ ಮೊದಲು ಅಂಚಿನ ಮೆಟ್ಟಿಲನ್ನು 400 ನಂಬರಿನಿಂದ ಇಳಿಜಾರು ಮಾಡಿ, ಬೆರಳಿಗೆ ತಡೆ ಸಿಗಬಾರದು. ಸ್ಟಿಕರ್ ಹತ್ತಿರದ ಅಥವಾ ಸಾಸಿವೆ ಗಾತ್ರದ ಚುಕ್ಕೆಗಳಿಗೆ ಇದನ್ನೂ ಬಿಡಬಹುದು. ಅಲ್ಲಿ ಮೆಟ್ಟಿಲು ಇರುವುದೇ ಒಳ್ಳೆಯದು, ಬಣ್ಣದ ಹನಿ ನಿಲ್ಲಲು ಬಟ್ಟಲಿನಂತಾಗುತ್ತದೆ.

ಬರಿ ಸ್ಟೀಲ್ ಸಿದ್ಧವಾದ ಮೇಲೆ (ಪರಿವರ್ತಕ ಹಚ್ಚಿದ್ದರೆ ಅದರ ಕಾಯುವ ಹೊತ್ತು ಮುಗಿದ ಮೇಲೆ) ಒಂದು ಗಂಟೆಯೊಳಗೆ ಪ್ರೈಮರ್ ಬೀಳಬೇಕು. ಇಡೀ ಕೆಲಸ ಉಳಿಯುವುದೋ ಬಿಡುವುದೋ ಆ ಗಂಟೆಯಲ್ಲಿ ತೀರ್ಮಾನವಾಗುತ್ತದೆ. ಹಾಗಾಗಿ ಹದಿನೈದನ್ನೂ ಒಟ್ಟಿಗೆ ಕೆರೆದು ಮರುದಿನ ಬಣ್ಣ ಹಚ್ಚುವ ಯೋಜನೆ ಹಾಕಬೇಡಿ. ಒಂದು ಕೂತಲ್ಲಿ ನಾಲ್ಕೈದು ಸಾಕು. ಬೆವರು ಕೈ ತಾಗಿದರೂ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ, ಗ್ಲೌಸ್ ತೆಗೆಯಬೇಡಿ. ಮಳೆ ಬರುವ ದಿನ ಶುರು ಮಾಡಬೇಡಿ. ಫ್ರೇಮಿನ ಉಷ್ಣತೆ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು ಎಂಬುದು ಕೈಗಾರಿಕಾ ಪೇಂಟಿಂಗಿನ ನಿಯಮ. ತಣ್ಣನೆ ಜಾಗದಲ್ಲಿದ್ದ ಸೈಕಲ್ಲನ್ನು ಬೆಚ್ಚಗಿನ ಕೋಣೆಗೆ ತಂದ ತಕ್ಷಣ ಅದರ ಮೇಲೆ ಕಾಣದ ತೇವ ಕೂರುತ್ತದೆ. ಒಂದೆರಡು ಗಂಟೆ ಬಿಟ್ಟು ಕೆಲಸಕ್ಕೆ ಕೈ ಹಾಕಿ.

ಪ್ರೈಮರಿನಲ್ಲಿ ಜಿಂಕ್ ಫಾಸ್ಫೇಟ್ ಇರುವ ಲೋಹದ ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್ ಆರಿಸಿ. ಡಬ್ಬಿ ಸ್ಪ್ರೇ ಮಾತ್ರ ಸಿಕ್ಕರೆ ಅದನ್ನು ಮುಚ್ಚಳಕ್ಕೆ ಸಿಂಪಡಿಸಿ, ಕೂಡಿದ ದ್ರವವನ್ನು ಟೂತ್‌ಪಿಕ್ ಅಥವಾ ಅತಿ ಸಣ್ಣ ಕುಂಚದಿಂದ ಎತ್ತಿಕೊಳ್ಳಿ. ಬರಿ ಲೋಹ ಪೂರ್ತಿ ಮುಚ್ಚಿ, ಹಳೆ ಬಣ್ಣದ ಇಳಿಜಾರಿನ ಮೇಲೆ ಕೂದಲೆಳೆಯಷ್ಟು ಏರಿದರೆ ಸಾಕು. ಎರಡು ತೆಳು ಪದರ ಒಂದು ದಪ್ಪ ಪದರಕ್ಕಿಂತ ಮೇಲು. ದಪ್ಪ ಪದರ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗೇ ಉಳಿಯುತ್ತದೆ.

ಬಣ್ಣ ಹೊಂದಿಸುವುದು ತಾಳ್ಮೆಯ ಕೆಲಸ. ಹಳೆ ಬಣ್ಣದ ಮೇಲೆ ಮಂಕು ಪೊರೆ ಇರುತ್ತದೆ. ಮೊದಲು ಒಂದು ಜಾಗವನ್ನು ಪಾಲಿಷ್ ಕಾಂಪೌಂಡಿನಿಂದ ಉಜ್ಜಿ ನಿಜವಾದ ಬಣ್ಣ ಹೊರತೆಗೆದು ಅದಕ್ಕೆ ಹೊಂದಿಸಿ. ಆಟಿಕೆ ಮಾದರಿಗಳಿಗೆ ಬಳಸುವ ಎನಾಮಲ್ ಬಣ್ಣದ ಪುಟ್ಟ ಡಬ್ಬಿಗಳನ್ನು ಬೆರೆಸಿ ಹೊಂದಿಸುವುದು ಸುಲಭ. ಬೆರೆಸಿದ್ದನ್ನು ಕಾಗದದ ಮೇಲೆ ಹಚ್ಚಿ, ಒಣಗಿದ ಮೇಲೆ, ಹಗಲು ಬೆಳಕಿನಲ್ಲಿ ಫ್ರೇಮಿಗೆ ಹಿಡಿದು ನೋಡಿ, ಏಕೆಂದರೆ ಎನಾಮಲ್ ಒಣಗಿದಾಗ ಸ್ವಲ್ಪ ಗಾಢವಾಗುವುದುಂಟು. ಉಗುರು ಬಣ್ಣ ಹಲವರ ನೆಚ್ಚಿನ ಉಪಾಯ. ಒಂದೆರಡು ಮಿಲಿಮೀಟರಿನ ಚುಕ್ಕೆಗೆ ಪರವಾಗಿಲ್ಲ, ಆದರೆ ಅದು ಗಡಸಾಗಿ ಸಿಡಿಯುತ್ತದೆ, ಅದರ ದ್ರಾವಕ ಹಳೆ ಬಣ್ಣವನ್ನು ಮೆದು ಮಾಡಬಲ್ಲದು. ಪೂರ್ತಿ ಒಣಗದ ಎನಾಮಲ್ ಮೇಲೆ ಲ್ಯಾಕರ್ ಬಗೆಯದನ್ನು ಹಚ್ಚಿದರೆ ಸುಕ್ಕುಗಟ್ಟುವುದು ಖಂಡಿತ.

ಬಣ್ಣವನ್ನು ಸವರಬೇಡಿ, ಹನಿಯಾಗಿ ಇಡಿ. ದಿನಕ್ಕೊಂದು ಪದರದಂತೆ ಮೂರು ನಾಲ್ಕು ಪದರ ಹಾಕಿದರೆ ಸುತ್ತಲಿನ ಮಟ್ಟಕ್ಕಿಂತ ತುಸು ಉಬ್ಬಿ ನಿಲ್ಲುತ್ತದೆ. ಹಾಗೇ ಬಿಟ್ಟು ಕನಿಷ್ಠ ಒಂದು ವಾರ, ಎನಾಮಲ್ ಆದರೆ ಎರಡು ವಾರ ಕಾಯಿರಿ. ಉಗುರಿನಿಂದ ಒತ್ತಿದಾಗ ಗುರುತು ಬೀಳದಿದ್ದರೆ 1500 ನಂಬರಿನ ವಾಟರ್ ಪೇಪರನ್ನು ಸಣ್ಣ ರಬ್ಬರಿಗೆ ಸುತ್ತಿ, ಸೋಪು ನೀರಿನಲ್ಲಿ ಅದ್ದಿ ಉಬ್ಬನ್ನಷ್ಟೇ ಸವೆಸಿ, ಆಮೇಲೆ 2000, ಆಮೇಲೆ ಪಾಲಿಷ್. ಬಾಟಮ್ ಬ್ರಾಕೆಟ್ಟಿನ ಅಡಿಯಲ್ಲಿ ಈ ಕೊನೆಯ ಶ್ರಮ ಬೇಕಿಲ್ಲ, ಅಲ್ಲಿ ಉಬ್ಬನ್ನು ಸವೆಸದೆ ಹಾಗೇ ಬಿಡುವುದೇ ಒಳ್ಳೆಯದು. ಆದರೆ ಥ್ರೆಡ್ಡುಗಳು, ಹ್ಯಾಂಡಲ್ ಕೂರುವ ಹೆಡ್ ಟ್ಯೂಬಿನ ತುದಿಗಳು, ಸೀಟ್ ಪೋಸ್ಟ್ ಕೂರುವ ಒಳಮೈ, ಚಕ್ರದ ನಟ್ ಒತ್ತುವ ಜಾಗ, ಇಲ್ಲೆಲ್ಲ ಬಣ್ಣ ಬೇಡ. ನಟ್ ಬಿಗಿದಾಗ ಅಡಿಯ ಬಣ್ಣ ನುಜ್ಜಾಗಿ ಬಿಗಿತ ಸಡಿಲವಾಗುತ್ತದೆ. ಅಲ್ಲಿ ಸ್ವಚ್ಛ ಮಾಡಿ ಗ್ರೀಸ್ ಸವರಿ.

ಕ್ರೋಮ್ ಕೆಲಸ ಬೇರೆ, ಸುಲಭವೂ ಹೌದು. ಕ್ರೋಮ್ ಪದರ ಒಂದು ಮೈಕ್ರಾನಿಗಿಂತಲೂ ತೆಳುವಿರುತ್ತದೆ. ಅದರ ಸೂಜಿ ರಂಧ್ರಗಳ ಮೂಲಕ ಅಡಿಯ ಸ್ಟೀಲಿನ ತುಕ್ಕು ಮೇಲೆ ಬರುತ್ತದೆ. ಅಲ್ಯೂಮಿನಿಯಂ ಫಾಯಿಲನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ, ಹಗುರವಾಗಿ ಉಜ್ಜಿ. ಕ್ರೋಮಿಗಿಂತ ಅಲ್ಯೂಮಿನಿಯಂ ಮೆತ್ತಗಾದ್ದರಿಂದ ಗೀರು ಬೀಳುವುದಿಲ್ಲ, ತುಕ್ಕು ಕಪ್ಪು ಕೆಸರಾಗಿ ಬಿಟ್ಟು ಬರುತ್ತದೆ. ಒರೆಸಿ, ಒಣಗಿಸಿ, ವ್ಯಾಕ್ಸ್ ಹಚ್ಚಿ. ರಂಧ್ರ ಮುಚ್ಚುವುದಿಲ್ಲವಾದ್ದರಿಂದ ವ್ಯಾಕ್ಸ್ ಹೋದಂತೆ ಚುಕ್ಕೆ ಮರಳುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ಹಚ್ಚುತ್ತಿರಬೇಕು. ಸಿಪ್ಪೆಯಂತೆ ಸುಲಿದಿರುವ ಕ್ರೋಮಿಗೆ ಈ ಉಪಾಯ ನಡೆಯದು.

ಕೊನೆಗೆ ಒಳಭಾಗ. ಸೀಟ್ ಪೋಸ್ಟ್ ಮತ್ತು ಬಾಟಮ್ ಬ್ರಾಕೆಟ್ ಬಿಚ್ಚಿರುವಾಗಲೇ, ಒಳಗೆ ಪೂರ್ತಿ ಒಣಗಿದೆ ಎಂದು ಖಚಿತಪಡಿಸಿಕೊಂಡು, ಲ್ಯಾನೊಲಿನ್ ಅಥವಾ ವ್ಯಾಕ್ಸ್ ಆಧಾರಿತ ತುಕ್ಕು ನಿರೋಧಕವನ್ನು ಪ್ರತಿ ಪೈಪಿಗೆ ಸಿಂಪಡಿಸಿ. ಫ್ರೇಮನ್ನು ನಿಧಾನ ಎಲ್ಲ ದಿಕ್ಕಿಗೂ ತಿರುಗಿಸಿ, ಹೆಚ್ಚಾದದ್ದು ಸುರಿದುಹೋಗಲು ಒಂದು ರಾತ್ರಿ ಬಿಡಿ. ‘ಬಾಯಿಲ್ಡ್ ಲಿನ್‌ಸೀಡ್ ಆಯಿಲ್’ ಎಂದು ಮಾರುವ ಅಗಸೆ ಎಣ್ಣೆಯೂ ಆಗುತ್ತದೆ. ಆದರೆ ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನೇ ಬಿಸಿಯಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ. ಬಾಟಮ್ ಬ್ರಾಕೆಟ್ಟಿನ ಅಡಿ ನೀರು ಬಸಿಯುವ ತೂತು ಇದ್ದರೆ ಅದು ಬಣ್ಣದಿಂದ ಅಥವಾ ಗ್ರೀಸಿನಿಂದ ಮುಚ್ಚಿಕೊಂಡಿಲ್ಲವೇ ಎಂದು ತಂತಿ ತೂರಿಸಿ ನೋಡಿ. ಸೀಟ್ ಪೋಸ್ಟಿಗೆ ಗ್ರೀಸ್ ಸವರಿಯೇ ಮರಳಿ ಕೂರಿಸಿ, ಮಳೆನೀರು ಒಳಗಿಳಿಯುವ ಮುಖ್ಯ ದಾರಿ ಅದೇ. ಮೇಲಿನ ಪೈಪಿಗೆ ಕೇಬಲ್ ತಾಗುವ ಕಡೆ ಪಾರದರ್ಶಕ ಟೇಪಿನ ತುಂಡು ಅಂಟಿಸಿ, ಪ್ರತಿ ಸವಾರಿಯ ಬಳಿಕ ಬೆವರು ಬಿದ್ದ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಮೂರು ತಿಂಗಳ ನಂತರ ಹದಿನೈದೂ ಜಾಗವನ್ನು ಒಮ್ಮೆ ನೋಡಿ. ಯಾವುದರ ಅಂಚಿನಲ್ಲಾದರೂ ಕಂದು ಗೆರೆ ಕಂಡರೆ ಅಲ್ಲಿ ಅಂಚು ಹಿಂಬಾಲಿಸಿದ್ದು ಸಾಲದು ಎಂದರ್ಥ, ಅದೊಂದನ್ನು ಮಾತ್ರ ಟೂತ್‌ಪಿಕ್ಕಿನಿಂದ ಮತ್ತೆ ಶುರು ಮಾಡಿ.